ಎಡೆಗಿಟ್ಟ ಪೀಚ್ ಹಣ್ಣು

ಆಂದೊಂಗ್
ದಕ್ಷಿಣ ಕೊರಿಯಾ
ಸೆಪ್ಟೆಂಬರ್ 9, 1993

ಬೊರಾಳ ಅಮ್ಮನಿಗೆ,

ನಿನ್ನ ಮಾವನ ಎಡೆಯ ಫೋಟೋ ನಿನ್ನೆ ಬಂತು. ಕನ್ನಡಕ ಹಾಕಿಕೊಂಡು, ಅದರ ಮೇಲೆ ಭೂತಗನ್ನಡಿ ಹಿಡಿದು, ಮೂಲೆಯಿಂದ ಮೂಲೆಗೆ ನೋಡಿದೆ. ಹಿರಿಯ ಮಗ ಎಲ್ಲಿರುತ್ತಾನೋ ಅಲ್ಲೇ ಎಡೆ ಇಡಬೇಕೆಂಬುದು ನಮ್ಮ ಮನೆತನದ ಕಟ್ಟಳೆ. ಹಾಗಾಗಿ ಪಾಪ, ಅವರು ಪ್ರತಿ ಆಗಸ್ಟಿನಲ್ಲಿ ಷಿಕಾಗೋಗೆ ಬರಬೇಕಾಗಿದೆ. ಬದುಕಿದ್ದಾಗ ಪಕ್ಕದೂರಿಗೆ ಬಸ್ಸಿನಲ್ಲಿ ಹೋಗಲೂ ಗೊಣಗುತ್ತಿದ್ದ ಮನುಷ್ಯ. ಈಗ ವೀಸಾ ಇಲ್ಲದೆ ಸಮುದ್ರ ದಾಟುತ್ತಾರೆ.

ಮೀನಿನ ತಲೆ ಪೂರ್ವಕ್ಕಿದೆ, ಸರಿ. ಅನ್ನವೂ ಸಾರೂ ಬದುಕಿದವರಿಗೆ ಇಡುವುದಕ್ಕೆ ತಿರುವುಮುರುವಾಗಿವೆ, ಅದೂ ಸರಿ. ಕುಂಬಳದ ದೋಸೆ ಸ್ವಲ್ಪ ದಪ್ಪವಾಯಿತು. ಅಲ್ಲಿಯ ಹಿಟ್ಟೇ ಹಾಗೆಂದುಕೊಂಡು ಸುಮ್ಮನಾದೆ. ಆದರೆ ಪೇರ್ ಹಣ್ಣಿನ ತಟ್ಟೆಯ ಹಿಂದೆ ಇಣುಕುತ್ತಿರುವುದು ಏನು? ಮೊದಲು ಕಣ್ಣಿನ ದೋಷ ಅಂದುಕೊಂಡೆ. ಬೊರಾಳ ಅಮ್ಮ, ಅದು ಪೀಚ್ ಹಣ್ಣು!

ಪೀಚ್ ಇದ್ದ ಕಡೆ ಸತ್ತವರ ಆತ್ಮ ಹೊಸ್ತಿಲು ದಾಟುವುದಿಲ್ಲ ಎನ್ನುವುದು ಆಂದೊಂಗಿನಲ್ಲಿ ಹಾಲುಹಲ್ಲಿನ ಕೂಸಿಗೂ ಗೊತ್ತು. ದೆವ್ವ ಓಡಿಸುವುದಕ್ಕೆ ಅದರ ಕೊಂಬೆ ಬಳಸುತ್ತೇವೆ, ಎಡೆಯ ಹತ್ತಿರ ಸುಳಿಯಗೊಡುವುದಿಲ್ಲ. ಅಷ್ಟು ದೂರ ಬಂದ ಮನುಷ್ಯ ಬಾಗಿಲಲ್ಲೇ ನಿಂತು ಹಸಿದುಕೊಂಡು ವಾಪಸು ಹೋದರೇನೋ. ಇಷ್ಟು ವರ್ಷ ಒಂದು ಖರ್ಜೂರದ ಬೀಜವನ್ನೂ ಹೆಚ್ಚುಕಡಿಮೆ ಇಡದವಳು ನೀನು. ನಿನಗೇನಾಯಿತು?

ಕಿವಿ ಪೂರ್ತಿ ಮಂದವಾಗಿರುವುದರಿಂದ ಫೋನಿನಲ್ಲಿ ಬೈಯುವ ಸುಖವೂ ನನಗಿಲ್ಲ. ಅದಕ್ಕೇ ಬರೆದು ಬೈದಿದ್ದೇನೆ. ಮುಖ ಊದಿಸಿಕೊಳ್ಳಬೇಡ. ಮೆಣಸಿನಕಾಯಿ ಒಣಗುತ್ತಿದೆ, ಪುಡಿ ಮಾಡಿ ಕಳಿಸುತ್ತೇನೆ.

ನಿನ್ನ ಅತ್ತೆ


ಷಿಕಾಗೋ
ನವೆಂಬರ್ 3, 1993

ಅತ್ತೆಯವರಿಗೆ ನಮಸ್ಕಾರ.

ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ಅಕ್ಷರ ಸೊಟ್ಟಗಿದ್ದರೆ ಅದಕ್ಕೂ ಕ್ಷಮಿಸಿ. ಅಂಗಡಿಯ ಇಸ್ತ್ರಿ ಯಂತ್ರಕ್ಕೆ ಬಲಗೈ ಸಿಕ್ಕಿಕೊಂಡಿತು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಈಗ ಎಷ್ಟೋ ವಾಸಿ.

ಪೀಚ್ ಹಣ್ಣಿನದು ನನ್ನ ತಪ್ಪು. ಅಂಗಡಿಯವನು ಪೇರ್ ಜೊತೆ ಹಾಕಿಬಿಟ್ಟಿದ್ದ, ಗಡಿಬಿಡಿಯಲ್ಲಿ ನೋಡಲಿಲ್ಲ. ಬೊರಾ ಎರಡನೇ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ಬೊರಾಳ ಅಪ್ಪ ಆರೋಗ್ಯವಾಗಿದ್ದಾರೆ. ಡ್ರೈಕ್ಲೀನಿಂಗ್ ಅಂಗಡಿ ನಡೆಯುತ್ತಿದೆ.

ಒಂದು ಮಾತು ಅತ್ತೆ. ಇನ್ನು ಮುಂದೆ ನನ್ನದೇನಾದರೂ ತಪ್ಪು ಕಂಡರೆ ಅದನ್ನು ಕಾಗದದಲ್ಲಿ ಬರೆಯಬೇಡಿ. ದಯವಿಟ್ಟು.

ಬೊರಾಳ ಅಮ್ಮ


ಆಂದೊಂಗ್
ನವೆಂಬರ್ 28, 1993

ಬೊರಾಳ ಅಮ್ಮನಿಗೆ,

ಚಳಿಗಾಲದ ಕಿಮ್ಚಿ ಹಾಕಿ ಮುಗಿಯಿತು. ಕೋಸು ಉಪ್ಪಿನಲ್ಲಿ ನೆನೆಯುವಷ್ಟು ಹೊತ್ತೂ ನಿನ್ನ ಕಾಗದದ ಕೊನೆಯ ಸಾಲನ್ನೇ ಮೆಲುಕು ಹಾಕುತ್ತಿದ್ದೆ. ಬರೆಯಬೇಡಿ ಅನ್ನುತ್ತೀಯಲ್ಲ! ನನ್ನ ಅತ್ತೆ ನನಗೆ ಬೈದರೆ ನಾನು ತಲೆ ತಗ್ಗಿಸಿ ಸೌದೆ ಒಟ್ಟುತ್ತಿದ್ದೆ. ಅಮೆರಿಕದ ನೀರು ಕುಡಿದರೆ ಕುತ್ತಿಗೆ ನೆಟ್ಟಗಾಗುತ್ತದೆ ಅಂತ ನೆರೆಮನೆಯವಳು ಹೇಳಿದಾಗ ಅವಳ ಜೊತೆ ಜಗಳ ಆಡಿದ್ದೆ, ನನ್ನ ಸೊಸೆ ಅಂಥವಳಲ್ಲ ಅಂತ. ಈಗ ಅವಳ ಮುಂದೆ ಯಾವ ಮುಖ ಹೊತ್ತು ಹೋಗಲಿ?

ನನ್ನ ಮಗ ಗಿಹ್ವಾನ್ ಕೂಡ ಬರೆದಿದ್ದಾನೆ. ನೀನು ಈಚೆಗೆ ಎದುರು ಮಾತಾಡುತ್ತೀಯಂತೆ. ಗಂಡಸು ಪರದೇಶದಲ್ಲಿ ಅಂಗಡಿಯ ಭಾರ ಹೊರುತ್ತಾನೆ, ಅವನ ಮೂಗಿನ ತುದಿಯಲ್ಲಿ ಸಿಟ್ಟು ಇದ್ದೇ ಇರುತ್ತದೆ. ಒಂದೆರಡು ಮಾತು ನುಂಗಿಕೋ. ನುಂಗಿದರೆ ಹೊಟ್ಟೆ ಒಡೆಯುವುದಿಲ್ಲ. ನಾನೂ ನುಂಗಿದ್ದೇನೆ.

ಕೈಗೆ ಅಂಟಿಸುವ ಔಷಧಿಪಟ್ಟಿ ಇಟ್ಟಿದ್ದೇನೆ. ಅದಿರಲಿ, ಸುಟ್ಟ ಗಾಯವೋ ಜಜ್ಜಿದ್ದೋ? ನೀನು ಹೇಳಲೇ ಇಲ್ಲ.

ಅತ್ತೆ


ಷಿಕಾಗೋ
ಫೆಬ್ರವರಿ 14, 1994

ಅತ್ತೆಯವರಿಗೆ ಹೊಸ ವರ್ಷದ ನಮಸ್ಕಾರ.

ನಾವು ಮೂವರೂ ಪಶ್ಚಿಮಕ್ಕೆ ತಿರುಗಿ ನಿಮಗೆ ಅಡ್ಡಬಿದ್ದೆವು. ಅಕ್ಕಿ ಕಡುಬಿನ ಸಾರು ಮಾಡಿದ್ದೆ. ಎಲ್ಲರೂ ಚೆನ್ನಾಗಿದ್ದೇವೆ. ಹಬ್ಬದ ಉಡುಪಿನಲ್ಲಿ ತೆಗೆದ ಫೋಟೋ ಇಟ್ಟಿದ್ದೇನೆ. ಬೊರಾಳಿಗೆ ಕಳೆದ ವರ್ಷದ ಲಂಗ ಗಿಡ್ಡವಾಗಿದೆ.

ಔಷಧಿಪಟ್ಟಿಯಿಂದ ಅನುಕೂಲವಾಯಿತು.

ಬೊರಾಳ ಅಮ್ಮ


ಆಂದೊಂಗ್
ಮಾರ್ಚ್ 8, 1994

ಬೊರಾಳ ಅಮ್ಮನಿಗೆ,

ಈ ಕಾಗದ ಮೆಣಸಿನಪುಡಿಯ ಚೀಲದ ತಳದಲ್ಲಿದೆ. ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿದ್ದೇನೆ. ನನ್ನ ಮಗ ಹುಟ್ಟಿದಾಗಿನಿಂದ ಮೆಣಸಿನಪುಡಿಯ ಚೀಲಕ್ಕೆ ಕೈ ಹಾಕಿದವನಲ್ಲ, ಅವನಪ್ಪನೂ ಹಾಕಿದವರಲ್ಲ.

ಫೋಟೋ ನೋಡಿದೆ. ನಿನ್ನ ರವಿಕೆಯ ಎದೆಯ ಗಂಟು ತಿರುಗುಮುರುಗಾಗಿದೆ. ಹೆಂಗಸು ತಾನೇ ಕಟ್ಟಿಕೊಂಡರೆ ಆ ಗಂಟು ಆ ಕಡೆಗೆ ಬೀಳುವುದಿಲ್ಲ. ಎದುರಿಗೆ ನಿಂತು ಯಾರೋ ಕಟ್ಟಿದ್ದಾರೆ. ಸೆಪ್ಟೆಂಬರಿನಲ್ಲೋ ಅಕ್ಟೋಬರಿನಲ್ಲೋ ಪೆಟ್ಟಾದ ಕೈಗೆ ಫೆಬ್ರವರಿಯಲ್ಲೂ ಗಂಟು ಹಾಕಲು ಆಗುವುದಿಲ್ಲ ಅಂದರೆ ಅದು ಎಂಥ ಇಸ್ತ್ರಿ ಯಂತ್ರ? ಮತ್ತೆ ನಿನ್ನ ಎಡಗೆನ್ನೆ. ಬಲಗೆನ್ನೆಗಿಂತ ಅದಕ್ಕೆ ಪೌಡರು ಜಾಸ್ತಿ. ಕಿವಿಯ ಹತ್ತಿರದಿಂದ ಶುರುಮಾಡಿ ಮೂಗಿನ ಕಡೆಗೆ ತೆಳ್ಳಗೆ ಎಳೆಯುವ ಆ ವಿದ್ಯೆಯನ್ನು ನಿನಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನನಗೆ ಯಾರೂ ಹೇಳಿಕೊಡಲಿಲ್ಲ, ನಾನೇ ಕಲಿತೆ. ಒಂದು ಕಾಲದಲ್ಲಿ ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಪೌಡರು ಬಳಿಯುವವರು ಯಾರೂ ಇರಲಿಲ್ಲ.

ಹೊಡೆಯುತ್ತಾನಾ?

ನನಗೆ ಸುಳ್ಳು ಬರೆಯಬೇಡ. ಹೌದಾದರೆ ಅಲ್ಲಿ ಯಾರಿಗಾದರೂ ಹೇಳು, ಒಬ್ಬರಿಗಾದರೂ. ನಾನು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದರಿಂದ ಮನೆಯ ಮಾನ ಉಳಿಯಿತು ಅಂದುಕೊಂಡಿದ್ದೆ. ನುಂಗಿಕೋ ಅಂತ ನಿನಗೆ ಬರೆದೆನಲ್ಲ, ಆ ಸಾಲನ್ನು ಹರಿದು ಒಲೆಗೆ ಹಾಕು.

ಅತ್ತೆ


ಷಿಕಾಗೋ
ಮೇ 30, 1994

ಅತ್ತೆ,

ನಿಮ್ಮ ಮೆಣಸಿನಪುಡಿ ಏಪ್ರಿಲ್‌ವರೆಗೆ ಹಾಗೇ ಇತ್ತು. ಒಂದು ಬೆಳಿಗ್ಗೆ ಮೂಲಂಗಿ ಕಿಮ್ಚಿ ಮಾಡಲು ಸುರಿದಾಗ ಕಾಗದ ಬೋಗುಣಿಗೆ ಬಿತ್ತು. ಅಡುಗೆಮನೆಯ ನೆಲದ ಮೇಲೆ ಕೂತು ಕೆಂಪು ಕೈಯಲ್ಲೇ ಓದಿದೆ. ಕಣ್ಣು ಉರಿದದ್ದು ಮೆಣಸಿನಿಂದಲೋ ಇನ್ನೊಂದರಿಂದಲೋ ಹೇಳಲಾರೆ.

ಹೌದು ಅತ್ತೆ. ಹೊಡೆಯುತ್ತಾರೆ.

ಕೊರಿಯನ್ ದಿನಸಿ ಅಂಗಡಿಯ ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಮನೆಯಲ್ಲಿ ಹೊಡೆತ ತಿನ್ನುವವರು ಫೋನ್ ಮಾಡಿ ಎಂದು ನಮ್ಮ ಭಾಷೆಯಲ್ಲೇ ಇರುತ್ತದೆ. ಎರಡು ವರ್ಷದಿಂದ ಅದನ್ನು ಓದಿ ಓದಿ ಕೈ ತೊಳೆದು ಬರುತ್ತಿದ್ದೆ. ಒಬ್ಬರಿಗಾದರೂ ಹೇಳು ಅಂದಿರಲ್ಲ, ಆವತ್ತೇ ಫೋನ್ ಮಾಡಿದೆ. ಆ ಕಡೆಯವರು ಹೊಂಗ್ ಅಕ್ಕ. ಗಟ್ಟಿ ಗಂಟಲಿನ ಹೆಂಗಸು, ಬುಸಾನಿನವರು. ಅವರು ಮೊದಲು ಕೇಳಿದ್ದು, "ನಿಮ್ ಹೆಸ್ರೇನಮ್ಮಾ?" ನಾನು ಬೊರಾಳ ಅಮ್ಮ ಅಂದೆ. "ಅದು ಮಗಳ ಹೆಸ್ರಾಯ್ತಲ್ಲ. ನಿಮ್ದು ಹೇಳಿ" ಅಂದರು. ಇನ್‌ಸುಕ್ ಅಂದೆ. ಈ ದೇಶದಲ್ಲಿ ಆ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲೇನೋ.

ಈಗ ನಾನೂ ಬೊರಾಳೂ ಅವರ ಆಶ್ರಯಮನೆಯಲ್ಲಿದ್ದೇವೆ. ವಿಳಾಸ ಯಾರಿಗೂ ಕೊಡುವ ಹಾಗಿಲ್ಲ, ನಿಮಗೂ. ಕೆಳಗೆ ಬರೆದಿರುವ ಪೆಟ್ಟಿಗೆ ಸಂಖ್ಯೆಗೆ ಬರೆಯಿರಿ.

ನಿಮಗೆ ಎರಡು ಸುಳ್ಳು ಬರೆದಿದ್ದೆ. ಕೈ ಯಂತ್ರಕ್ಕೆ ಸಿಕ್ಕಿದ್ದಲ್ಲ. ನಿಮ್ಮ ಸೆಪ್ಟೆಂಬರಿನ ಕಾಗದವನ್ನು ಬೊರಾಳ ಅಪ್ಪ ಒಡೆದು ಓದಿದರು. ಪೀಚ್ ಹಣ್ಣನ್ನು ಅವರು ನೋಡಿಯೇ ಇರಲಿಲ್ಲ, ಗಂಡಸರು ಬಗ್ಗಿ ನಮಸ್ಕಾರ ಮಾಡುತ್ತಾರೆ, ಅಷ್ಟೇ. ನಿಮ್ಮ ಕಾಗದದಿಂದ ಗೊತ್ತಾಯಿತು. "ನಮ್ಮಪ್ಪನ್ನ ಬಾಗ್ಲಲ್ಲೇ ನಿಲ್ಲಿಸಿ ಕಳಿಸ್ದೆಯೇನೇ?" ಎಂದು ಕೈ ತಿರುಚಿದರು. ಮಣಿಕಟ್ಟು ಮುರಿಯಿತು. ಇದನ್ನು ನಿಮಗೆ ನೋವಾಗಲಿ ಅಂತ ಬರೆಯುತ್ತಿಲ್ಲ. ನೀವು ಸುಳ್ಳು ಬೇಡ ಅಂದಿರಿ.

ಇನ್ನೊಂದು ಸುಳ್ಳು, ಅಂಗಡಿಯವನು ಹಾಕಿದ ಅಂದದ್ದು. ನಾನೇ ಇಟ್ಟೆ ಅತ್ತೆ. ಮಿಷಿಗನ್ನಿನ ಪೀಚ್, ಆರಿಸಿ ತಂದೆ. ಎಡೆಗಿಟ್ಟ ಮದ್ಯವನ್ನು ಮನೆಯವರು ಕುಡಿಯಬೇಕು ಎಂಬುದು ಕ್ರಮ ತಾನೆ? ಅದನ್ನು ಬೊರಾಳ ಅಪ್ಪ ಪೂರ್ತಿ ಕುಡಿಯುತ್ತಾರೆ. ಕುಡಿದು ಮಾವನವರ ಫೋಟೋ ಮುಂದೆ ಕೂತು, "ನಮ್ಮಪ್ಪ ಗಂಡ್ಸು. ಮನೆ ಹೆಂಗಿಟ್ಕೋಬೇಕು ಅಂತ ಅವ್ರಿಗೆ ಗೊತ್ತಿತ್ತು" ಅನ್ನುತ್ತಾರೆ. ಆಮೇಲೆ ಎದ್ದು ನನ್ನ ಕಡೆ ಬರುತ್ತಾರೆ. ಬೇರೆ ದಿನಗಳಲ್ಲಿ ತಪ್ಪಿಸಿಕೊಳ್ಳಬಹುದು, ಎಡೆಯ ದಿನ ಮಾತ್ರ ತಪ್ಪುವುದಿಲ್ಲ. ಮಾವನವರ ಆತ್ಮ ಈ ಒಂದು ಸಲ ಬರದೆ ಇದ್ದರೆ ಅವರಿಗೂ ಆ ಮಾತು ನೆನಪಾಗುವುದಿಲ್ಲವೇನೋ ಅನ್ನುವ ಹುಚ್ಚು ಆಸೆ. ಸತ್ತವರನ್ನು ಎಡೆಯಿಂದ ಓಡಿಸಿದ ಸೊಸೆ ನಾನು. ನೀವು ಏನು ಬೈದರೂ ಸರಿ.

ಈಗ ಕೇಳಬೇಕಾದದ್ದು ಇದು. ಮೊನ್ನೆ ಆಂದೊಂಗ್ ಊರವರ ಸಂಘದ ಅಧ್ಯಕ್ಷರು, ಚೋ ಹಿರಿಯರು, ಒಂದು ಪೆಟ್ಟಿಗೆ ಪೇರ್ ಹಿಡಿದು ಹೊಂಗ್ ಅಕ್ಕನ ಕಚೇರಿಗೆ ಬಂದಿದ್ದರಂತೆ. "ಆಗಸ್ಟ್‌ನಲ್ಲಿ ಎಡೆ ಬರ್ತದೆ. ಹಿರೀ ಸೊಸೆ ಇಲ್ದೆ ಯಾರಮ್ಮಾ ಅಡುಗೆ ಮಾಡೋರು? ಗಿಹ್ವಾನ್ ಕಣ್ಣೀರು ಹಾಕ್ಕೊಂಡು ಕೂತಿದ್ದಾನೆ. ಅವಳನ್ನ ಕಳಿಸ್ಕೊಡಿ" ಅಂದರಂತೆ. ಹೊಂಗ್ ಅಕ್ಕ, "ಅಧ್ಯಕ್ಷರೇ, ಹಣ್ಣು ಇಲ್ಲಿಟ್ಟು ಹೋಗಿ, ಮಾತು ವಾಪಸ್ ತಗೊಂಡ್ ಹೋಗಿ" ಅಂದು ಕಳಿಸಿದರು. ಪೇರ್ ಹಣ್ಣನ್ನು ಇಲ್ಲಿಯ ಮಕ್ಕಳೆಲ್ಲ ತಿಂದರು.

ಅವರು ನಗಿಸಿದರು ನಿಜ, ಆದರೆ ಆ ಮಾತು ನನ್ನ ಎದೆಯಲ್ಲಿ ಕೂತಿದೆ. ಗಂಡ ಹತ್ತಿರ ಸುಳಿಯದಂತೆ ಕೋರ್ಟಿನಿಂದ ಆದೇಶ ತರಬಹುದಂತೆ. ನನ್ನ ಒಂದು ರುಜು ಸಾಕು. ಹಾಕಿಲ್ಲ. ಹಾಕಿದರೆ ಆ ಮನೆಗೆ ಕಾಲಿಡುವ ಹಾಗಿಲ್ಲ, ಎಡೆ ನಿಂತುಹೋಗುತ್ತದೆ. ಒಂದು ದಿನದ ಮಟ್ಟಿಗೆ ಹೋಗಿ ಎಡೆ ಇಟ್ಟು ಬರಲೇ? ನೀವು ಹೋಗು ಅಂದರೆ ಹೋಗುತ್ತೇನೆ. ಬೇಡ ಅಂದರೆ ಇಲ್ಲ. ಈ ಲೋಕದಲ್ಲಿ ಇದನ್ನು ಕೇಳಲು ನನಗೆ ಬೇರೆ ಯಾರೂ ಇಲ್ಲ.

ಬೊರಾಳ ಅಮ್ಮ


ಷಿಕಾಗೋ
ಜುಲೈ 21, 1994

ಅತ್ತೆ,

ನಿಮ್ಮಿಂದ ಉತ್ತರ ಬರಲಿಲ್ಲ. ದಿನವೂ ಹೊಂಗ್ ಅಕ್ಕನ ಮುಖ ನೋಡುತ್ತೇನೆ, ಅವರು ತಲೆ ಅಲ್ಲಾಡಿಸುತ್ತಾರೆ. ಪೀಚ್ ಸಂಗತಿ ನಿಮಗೆ ಬರೆಯಬಾರದಿತ್ತು. ನಿಮ್ಮ ಗಂಡನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದವಳಿಗೆ ನೀವಾದರೂ ಏನಂತ ಬರೆಯುತ್ತೀರಿ.

ಚೋ ಹಿರಿಯರು ಮತ್ತೆ ಹೇಳಿಕಳಿಸಿದ್ದಾರೆ. ಅತ್ತೆ ಸುಮ್ಮನಿದ್ದಾರೆ ಅಂದರೆ ಸೊಸೆ ಮನೆಗೆ ಹೋಗಬೇಕು ಅಂತಲೇ ಅರ್ಥ ಅನ್ನುತ್ತಾರೆ. ನನಗೂ ಹಾಗೇ ಕಾಣುತ್ತದೆ. ಎಡೆ ಆಗಸ್ಟ್ ಹದಿನಾರಕ್ಕೆ. ಎರಡು ದಿನ ಮುಂಚೆ ಹೋಗಿ ಅಡುಗೆ ಶುರುಮಾಡುತ್ತೇನೆ. ಬೊರಾಳನ್ನು ಇಲ್ಲೇ ಬಿಟ್ಟುಹೋಗುತ್ತೇನೆ. ಹೊಂಗ್ ಅಕ್ಕ ನಿನ್ನೆ ನನ್ನ ಮೇಲೆ ಕೂಗಾಡಿ, ಆಮೇಲೆ ತಾವೇ ಅತ್ತರು. "ಒಂದು ದಿನಕ್ಕೆ ಅಂತ ಹೋದೋರನ್ನ ನಾನು ಎಲ್ಲೆಲ್ಲಿ ನೋಡಿದೀನಿ ಗೊತ್ತಾ ನಿಂಗೆ?" ಅಂದರು. ಎಲ್ಲಿ ಅಂತ ಕೇಳಲು ನನಗೆ ಧೈರ್ಯವಾಗಲಿಲ್ಲ.

ಈ ಸಲ ಪೀಚ್ ಇಡುವುದಿಲ್ಲ.

ಬೊರಾಳ ಅಮ್ಮ


ಆಂದೊಂಗ್
ಆಗಸ್ಟ್ 2, 1994

ಇನ್‌ಸುಕ್,

ಹೋಗಬೇಡ.

ಮೊದಲು ಅದನ್ನು ಓದಿಕೋ, ಉಳಿದದ್ದು ಆಮೇಲೆ. ಅಂಚೆ ಕಚೇರಿಯ ಹುಡುಗಿ, ತುರ್ತು ಅಂಚೆಯಾದರೆ ಒಂದು ವಾರದೊಳಗೆ ಸೇರುತ್ತದೆ ಅಂದಿದ್ದಾಳೆ. ಸೇರದಿದ್ದರೆ ನಿನ್ನನ್ನೇ ಹುಡುಕಿಕೊಂಡು ಬರುತ್ತೇನೆ ಅಂತ ಅವಳನ್ನು ಹೆದರಿಸಿ ಬಂದೆ.

ಉತ್ತರ ಬರೆಯದೆ ಇದ್ದದ್ದು ಕೋಪಕ್ಕಲ್ಲ. ನಿನ್ನ ಮಣಿಕಟ್ಟು ಮುರಿದದ್ದು ನನ್ನ ಕಾಗದದಿಂದ ಅಂತ ಓದಿದ ಮೇಲೆ ಹಲವು ದಿನ ಪೆನ್ನು ಮುಟ್ಟಲಾಗಲಿಲ್ಲ. ನೀನು ಬರೆಯಬೇಡಿ ಅಂದದ್ದನ್ನು ಸೊಕ್ಕು ಅಂದುಕೊಂಡೆನಲ್ಲ, ಅದು ನೆನಪಾದಾಗಲೆಲ್ಲ ಕೈಯಲ್ಲಿದ್ದ ಅನ್ನ ಕೈಯಲ್ಲೇ ಉಳಿಯುತ್ತಿತ್ತು. ಆಮೇಲೆ ಅನ್ನಿಸಿತು, ಅತ್ತು ಕೂತರೆ ಆಗಸ್ಟ್ ನಿಲ್ಲುವುದಿಲ್ಲ. ನಿನಗೆ ಬರೀ ಬಾಯಿಮಾತಿನ ಸಮಾಧಾನ ಬರೆದರೆ ಆ ಚೋ ಹಿರಿಯ ಇನ್ನೊಂದು ಪೆಟ್ಟಿಗೆ ಪೇರ್ ತರುತ್ತಾನೆ. ಅದಕ್ಕೇ ಕೆಲಸ ಮುಗಿಸಿ ಬರೆಯೋಣ ಅಂತ ತಡಮಾಡಿದೆ. ಆ ತಡ ನಿನ್ನನ್ನು ಬಾಗಿಲವರೆಗೆ ತಂದು ನಿಲ್ಲಿಸುತ್ತದೆ ಅಂತ ನಿನ್ನ ಎರಡನೇ ಕಾಗದ ಬರುವ ತನಕ ಹೊಳೆಯಲಿಲ್ಲ.

ಮನೆತನದ ಹಿರಿಯರ ಹತ್ತಿರ ಹೋದೆ. ಎಡೆಯನ್ನು ಗಿಹ್ವಾನನ ಮನೆಯಿಂದ ವಾಪಸು ಆಂದೊಂಗಿಗೆ ತರಬೇಕು ಅಂದೆ. ನಿನ್ನ ಚಿಕ್ಕಮಾವ, ನಿನಗೆ ನೆನಪಿರಬೇಕು, ಗಡ್ಡದವನು, ಎದ್ದುನಿಂತ. "ಅತ್ತಿಗೆ, ಹಿರೀ ಮಗ ಬದುಕಿರುವಾಗ ಎಡೆ ಕಿತ್ಕೊಳ್ಳೋದಾ? ಊರೋರು ಏನಂತಾರೆ?" ಎಂದು ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ. ನಾನು ಅಂದೆ, "ಹಂಗಾದ್ರೆ ಸರಿ. ನಾನು ಸತ್ತ ಮೇಲೆ ನಿಮ್ಮಣ್ಣನ ಪಕ್ಕ ಮಲಗಲ್ಲ. ಬೇರೆ ಗುಡ್ಡದಲ್ಲಿ ಹೂಳಿ. ಯಾಕೆ ಅಂತ ಕೇಳಿದೋರಿಗೆಲ್ಲ ಸಾಯೋ ಮುಂಚೆನೇ ಹೇಳಿರ್ತೀನಿ." ಅಲ್ಲಿದ್ದ ಗಂಡಸರೆಲ್ಲ ಚಾಪೆಯ ಅಂಚು ನೋಡುತ್ತ ಕೂತರು. ಅವರಿಗೆ ಗೊತ್ತಿತ್ತು ಇನ್‌ಸುಕ್, ಎಲ್ಲರಿಗೂ ಗೊತ್ತಿತ್ತು. ನನ್ನ ಕಿವಿ ಮಂದವಾದದ್ದು ವಯಸ್ಸಿನಿಂದ ಅಂತ ನಿನಗೆ ಹೇಳಿದ್ದೆ. ಬಲಗಿವಿ ವಯಸ್ಸಿನಿಂದ. ಎಡಗಿವಿ ನಿನ್ನ ಮಾವನ ಕೈಯಿಂದ, ಗಿಹ್ವಾನನಿಗೆ ಆರು ವರ್ಷವಾಗಿದ್ದಾಗ. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಮೂರು ಸಲ ಹೋದ ಮೇಲೆ ಒಪ್ಪಿದರು. ಗಿಹ್ವಾನನಿಗೆ ಬರೆದಿದ್ದೇನೆ, ನಿನ್ನ ಅಪ್ಪನ ಎಡೆ ಇನ್ನು ನಿನ್ನದಲ್ಲ, ಎಡೆಯ ಮರದ ಪಾತ್ರೆಗಳನ್ನು ವಾಪಸು ಕಳಿಸು ಅಂತ. ಹೆಂಗಸಿನ ಮೇಲೆ ಕೈ ಎತ್ತುವವನು ಇಟ್ಟ ಅನ್ನ ಯಾವ ಹಿರಿಯರಿಗೂ ಸೇರುವುದಿಲ್ಲ ಅಂತಲೂ ಬರೆದೆ. ಅಂಥ ಶಾಸ್ತ್ರ ಎಲ್ಲೂ ಇಲ್ಲ. ಇವತ್ತಿನಿಂದ ಇದೆ. ಅವನು ನನ್ನ ಮಗ. ಇದನ್ನು ಬರೆಯುವಾಗ ನನಗೆ ಏನಾಯಿತು ಅಂತ ನೀನು ಕೇಳಬೇಡ, ನಾನೂ ಹೇಳುವುದಿಲ್ಲ.

ಹಾಗಾಗಿ ಆ ಮನೆಯಲ್ಲಿ ನೀನು ಇಡಬೇಕಾದ ಎಡೆ ಯಾವುದೂ ಇಲ್ಲ. ಆ ಕೋರ್ಟಿನ ಕಾಗದಕ್ಕೆ ರುಜು ಹಾಕು. ಬೊರಾಳ ಅಮ್ಮ ಅಂತ ಹಾಕಬೇಡ, ನಿನ್ನ ಹೆಸರು ಹಾಕು.

ಕ್ವೊನ್ ಪಿಲ್‌ನಾಮ್
(ಇದು ನನ್ನ ಹೆಸರು. ಮುಂದಿನದಾದರೂ ಗಂಡಾಗಲಿ ಅಂತ ನಮ್ಮಪ್ಪ ಇಟ್ಟದ್ದು. ಹೊಂಗ್ ಅಕ್ಕನಿಗೆ ಹೇಳು.)


ಷಿಕಾಗೋ
ಆಗಸ್ಟ್ 12, 1994

ಅತ್ತೆ,

ಕಾಗದ ನಿನ್ನೆ ಸೇರಿತು. ಕುಂಬಳ, ಮೀನು, ಖರ್ಜೂರ ಎಲ್ಲ ಚೀಲಕ್ಕೆ ತುಂಬಿಟ್ಟಿದ್ದೆ. ಹೊಂಗ್ ಅಕ್ಕ ಮೆಟ್ಟಿಲು ಹತ್ತುತ್ತ "ಇನ್‌ಸುಕ್! ಆಂದೊಂಗ್!" ಎಂದು ಕೂಗುತ್ತ ಬಂದರು. ಮೊದಲ ಸಾಲು ಓದಿ ಕಾಗದವನ್ನು ಅವರ ಕೈಗೆ ಕೊಟ್ಟೆ. ಉಳಿದದ್ದನ್ನು ಅವರೇ ಗಟ್ಟಿಯಾಗಿ ಓದಿದರು. ಬೇರೆ ಗುಡ್ಡದಲ್ಲಿ ಹೂಳಿ ಅನ್ನುವ ಕಡೆ ಇಲ್ಲಿಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಎಡಗಿವಿಯ ಸಾಲನ್ನು ಹೊಂಗ್ ಅಕ್ಕ ಎರಡು ಸಲ ಓದಿದರು.

ಇವತ್ತು ಬೆಳಿಗ್ಗೆ ಕೋರ್ಟಿಗೆ ಹೋಗಿ ರುಜು ಹಾಕಿದೆ. ಬಲಗೈಯಲ್ಲೇ. ಅಕ್ಷರ ನೆಟ್ಟಗೆ ಬಂತು.

ಚೀಲದಲ್ಲಿದ್ದ ಕುಂಬಳದಲ್ಲಿ ದೋಸೆ ಮಾಡಿ ಎಲ್ಲರಿಗೂ ಬಡಿಸಿದೆ. ಈ ಸಲ ತೆಳ್ಳಗೆ ಮಾಡಿದೆ ಅತ್ತೆ. ಹದಿನಾರಕ್ಕೆ ನೀವೊಬ್ಬರೇ ಅಷ್ಟೆಲ್ಲ ಹೇಗೆ ಮಾಡುತ್ತೀರಿ ಅನ್ನುವುದೊಂದೇ ಈಗ ನನ್ನ ಚಿಂತೆ.

ಇನ್‌ಸುಕ್


ಆಂದೊಂಗ್
ಆಗಸ್ಟ್ 18, 1994

ಇನ್‌ಸುಕ್,

ನಿನ್ನ ಉತ್ತರ ಇನ್ನೂ ಬಂದಿಲ್ಲ. ನನ್ನ ಕಾಗದ ಸೇರಿತೋ ಇಲ್ಲವೋ, ನೀನು ಎಲ್ಲಿದ್ದೀಯೋ, ತಿಳಿಯದೆ ಬರೆಯುತ್ತಿದ್ದೇನೆ. ಸೇರಿದೆ ಅಂತಲೇ ನಂಬಿದ್ದೇನೆ. ಅಂಚೆ ಕಚೇರಿಯ ಆ ಹುಡುಗಿಗೆ ನನ್ನ ಮೇಲೆ ಭಯ ಇದೆ.

ಎಡೆ ಮುಗಿಯಿತು. ಗಿಹ್ವಾನ್ ಮರದ ಪಾತ್ರೆ ಕಳಿಸಲಿಲ್ಲ. ನಾವು ಉಣ್ಣುವ ತಟ್ಟೆಗಳಲ್ಲೇ ಬಡಿಸಿದೆ. ಗಂಡಸರೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ಬಂದರು. ಬಗ್ಗಿ ನಮಸ್ಕಾರ ಮಾಡುವ ಮುಂಚೆ ಗಡ್ಡದವನು ನನ್ನ ರವಿಕೆಯ ತೋಳು ಜಗ್ಗಿ, ಹಣ್ಣಿನ ಸಾಲು ತೋರಿಸಿ ಏನೋ ಕೂಗಿದ. ಅವನ ತುಟಿ ನೋಡಿದರೇ ಗೊತ್ತಾಗುತ್ತಿತ್ತು. "ಅತ್ತಿಗೆ, ಕಣ್ಣೂ ಹೋಯ್ತಾ? ಅದು ಪೀಚು!"

"ಕಣ್ಣು ಚೆನ್ನಾಗೇ ಇದೆ. ಕಿವಿ ಮಾತ್ರ ಮಂದ, ನಿಮ್ಮಣ್ಣನ ದಯದಿಂದ" ಅಂದೆ. ಅವನು ಬಗ್ಗಿ ನಮಸ್ಕಾರ ಮಾಡಿದ.

ಫೋಟೋ ಇಟ್ಟಿದ್ದೇನೆ, ಭೂತಗನ್ನಡಿ ಬೇಕಾಗಿಲ್ಲ. ನೀನು ಪೇರ್ ಹಿಂದೆ ಬಚ್ಚಿಟ್ಟಿದ್ದೆ. ನಾನು ಎಲ್ಲಕ್ಕಿಂತ ಮುಂದೆ, ನಡುವಿನಲ್ಲಿ, ದೊಡ್ಡ ತಟ್ಟೆಯ ತುಂಬ ಇಟ್ಟಿದ್ದೇನೆ. ಅವರು ಬರಲಿಲ್ಲ. ನನಗೆ ಗೊತ್ತಾಗುತ್ತದೆ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಈ ಮನೆಯಲ್ಲಿ ನನ್ನ ಹೆಗಲು ಕೆಳಗಿಳಿದು ಕೂತಿತು.

ಎಲ್ಲರೂ ಹೋದ ಮೇಲೆ ಹಣ್ಣಿನ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಹಲ್ಲಿಲ್ಲದ ಬಾಯಿಗೆ ಪೀಚ್ ಒಳ್ಳೆಯ ಹಣ್ಣು. ಒಂದು ನನ್ನ ಪಾಲಿನದು ತಿಂದೆ, ಆಮೇಲೆ ನಿನ್ನ ಪಾಲಿನದೂ ತಿಂದೆ. ರಸ ಮೊಣಕೈವರೆಗೂ ಇಳಿಯಿತು, ಒರೆಸಿಕೊಳ್ಳಲಿಲ್ಲ.

ಪಿಲ್‌ನಾಮ್